ಕೋಸಿನ ಕಲ್ಲಿನ ಮೂರನೆಯ ಸಾಲನ್ನು ತಿದ್ದಿಕೊಡುವ ಬಗ್ಗೆ

ಇಂದ:
ರೆಗೀನಾ ಸಡೋವ್ಸ್ಕಾ, ವಯಸ್ಸು ಐವತ್ತೈದು,
ಗಂಡ ಜೆನೊನ್ ಸಡೋವ್ಸ್ಕಿ, ಕಸುಬು ಹೈನುಗಾರಿಕೆ,
ಮನೆ ನಂಬರ್ 17, ವುಲ್ಕಾ ಓಲ್ಶೋವಾ ಗ್ರಾಮ,
ಪೊದ್‌ಲಾಸ್ಯೆ ಪ್ರಾಂತ, ಪೋಲೆಂಡ್.

ಗೆ:
ಮಾನ್ಯ ಮುಖ್ಯಸ್ಥರು,
ಪುರಾಣ ಮತ್ತು ಭವಿಷ್ಯವಾಣಿ ವಿಭಾಗ,
ಸ್ತಾರಿ ಯಾವೊರ್ ಕಂಪ್ಯೂಟರ್ ಆಟಗಳ ಕಂಪನಿ,
ಬ್ಯಾವಿಸ್ತೊಕ್ ನಗರ.

ವಿಷಯ: ತಮ್ಮ 'ಬೂದಿಕೊಳದ ರಾಜ್ಯ' ಎಂಬ ಆಟದಲ್ಲಿ ಭವಿಷ್ಯ ನುಡಿಯುವ ಏಳು ವಸ್ತುಗಳ ಪೈಕಿ ನಾಲ್ಕನೆಯದಾದ 'ಮುದಿರಾಣಿಯ ಕಲ್ಲು' ನಮ್ಮ ಮನೆಯ ಕೋಸಿನ ಕಲ್ಲಾಗಿರುವುದರಿಂದ, ಅದರ ಮೇಲಿನ ಬರಹದ ಮೂರನೆಯ ಸಾಲನ್ನು ರದ್ದುಪಡಿಸುವ (ಹೊಡೆದುಹಾಕಿದೆ) ತಿದ್ದುವ ಕುರಿತು.

ಉಲ್ಲೇಖ:
1. ತಮ್ಮ ಕಚೇರಿಯ ಶ್ರೀ ಕಯೆತಾನ್ ಅವರು ಎರಡು ವರ್ಷದ ಹಿಂದೆ ಶರತ್ಕಾಲದಲ್ಲಿ ನಮ್ಮ ಮನೆಗೆ ಬಂದು ಕಲ್ಲಿನ ಇನ್ನೂರ ನಲವತ್ತು ಫೋಟೊ ತೆಗೆದುಕೊಂಡು ಹೋದದ್ದು.
2. ನಮ್ಮ ಅತ್ತೆ ಶ್ರೀಮತಿ ಲೆಯೊಕಾಡ್ಯಾ ಅವರು ಈ ವರ್ಷ ಈಸ್ಟರ್ ಹಬ್ಬದ ದಿನ ಊಟದ ಮೇಜಿನಲ್ಲಿ ಎಲ್ಲರ ಎದುರು ಕೊಟ್ಟ ಮಾತು.
3. ಜೂನ್ ತಿಂಗಳಲ್ಲಿ ತಮ್ಮ ಆಟ ಬಿಡುಗಡೆಯಾದದ್ದು ಮತ್ತು ತತ್ಪರಿಣಾಮವಾಗಿ ಮೇಲ್ಕಂಡ ಮಾತು ಬಿದ್ದುಹೋದದ್ದು.

ಮಾನ್ಯರೇ,

ಹತ್ತೊಂಬತ್ತು ವರ್ಷ ಊರಿನ ಹಾಲಿನ ಕೇಂದ್ರದಲ್ಲಿ ದಾಖಲೆ ಬರೆದವಳಾದ ನಾನು, ಅನಗತ್ಯವಾಗಿ ಯಾವ ಕಚೇರಿಗೂ ತೊಂದರೆ ಕೊಟ್ಟವಳಲ್ಲ. ಈಗ ಕೊಡುತ್ತಿರುವುದಕ್ಕೆ ಕಾರಣಗಳನ್ನು ಕೆಳಗೆ ನಿವೇದಿಸಿಕೊಂಡಿದ್ದೇನೆ.

1. ಸದರಿ ಕಲ್ಲು ಹನ್ನೊಂದು ಕಿಲೊ ತೂಕದ್ದು, ಬೂದು ಬಣ್ಣದ್ದು, ಒಂದು ಕಡೆ ಚಪ್ಪಟೆ. ನಮ್ಮ ಅತ್ತೆಯ ಅತ್ತೆಯ ಅತ್ತೆ ಅದನ್ನು ಆಲೂಗೆಡ್ಡೆ ಹೊಲದಿಂದ ಎತ್ತಿ ತಂದರೆಂದು ಹೇಳುತ್ತಾರೆ. ಚಳಿಗಾಲಕ್ಕೆ ಕೋಸನ್ನು ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ, ಮರದ ಪೀಪಾಯಿಯಲ್ಲಿ ತುಳಿದು, ಮೇಲೆ ಹಲಗೆ ಮುಚ್ಚಿ, ಅದರ ಮೇಲೆ ಈ ಕಲ್ಲು ಹೇರಿದರೆ ಆರು ವಾರದಲ್ಲಿ ಹುಳಿ ಬರುತ್ತದೆ. ಕಲ್ಲಿನ ಕೆಲಸ ಇಷ್ಟೇ. ತಮ್ಮ ಆಟದಲ್ಲಿ ಹೇಳಿರುವಂತೆ ಅದು ಯಾವ ರಾಣಿಯ ಗೋರಿಯ ಮೇಲೂ ಇರಲಿಲ್ಲ.

2. ನಮ್ಮ ಕಡೆಯ ಪದ್ಧತಿ ತಮಗೆ ತಿಳಿದಿರಲಾರದು. ಕಲ್ಲು ಯಾರದೋ ಉಪ್ಪು ಅವರದು. ಅಂದರೆ ಕಲ್ಲು ಅತ್ತೆಯ ಹೆಸರಿನಲ್ಲಿರುವ ತನಕ ಸೊಸೆ ಕೋಸು ಹೆಚ್ಚಬಹುದು, ತುಳಿಯಬಹುದು, ಪೀಪಾಯಿ ತೊಳೆಯಬಹುದು. ಉಪ್ಪಿಗೆ ಮಾತ್ರ ಕೈ ಹಾಕುವಂತಿಲ್ಲ. ಒಂದು ಶರತ್ಕಾಲದಲ್ಲಿ ಅತ್ತೆಯೇ ಕಲ್ಲನ್ನೆತ್ತಿ ಸೊಸೆಯ ತೋಳಿಗೆ ಕೊಟ್ಟು "ಭಾರ ಇನ್ನು ನಿನ್ನದು" ಅನ್ನಬೇಕು. ಅವತ್ತಿನಿಂದ ಅಡುಗೆಮನೆ ಸೊಸೆಯದು. ಸಾಮಾನ್ಯವಾಗಿ ಮದುವೆಯಾಗಿ ಐದಾರು ವರ್ಷಕ್ಕೆ ಇದು ನಡೆಯುತ್ತದೆ. ನನಗೆ ಮದುವೆಯಾಗಿ ಮೂವತ್ತೊಂದು ವರ್ಷ.

3. ಹೋದ ಚಳಿಗಾಲದಲ್ಲಿ ನಮ್ಮ ಕೋಸು ಮೆತ್ತಗಾಯಿತು. ಉಪ್ಪು ಕಡಿಮೆ ಬಿದ್ದಿತ್ತು. ಅತ್ತೆ ಎಂದಿನಂತೆ ಎಣಿಸಿಯೇ ಹಿಡಿ ಹಾಕಿದ್ದರು. ಎಂಬತ್ತಾರನೆಯ ವಯಸ್ಸಿನಲ್ಲಿ ಹಿಡಿಯೇ ಚಿಕ್ಕದಾಗಿತ್ತು. ನನ್ನ ಗಂಡ ಎರಡನೆಯ ಸಲವೂ ಬಡಿಸಿಕೊಂಡು ತಿಂದರು. ಅತ್ತೆ ಮಾತ್ರ ಚಮಚ ಕೆಳಗಿಟ್ಟು ತಮ್ಮ ಅಂಗೈಯನ್ನು ಬಹಳ ಹೊತ್ತು ನೋಡಿಕೊಂಡರು. ಆಮೇಲೆ ಈಸ್ಟರ್ ಹಬ್ಬದ ದಿನ ಮೊಟ್ಟೆ ಸುಲಿಯುತ್ತಾ ತಲೆಯೆತ್ತದೆ ಹೇಳಿದರು: "ಈ ಸಲ ಕಲ್ಲು ನೀನೇ ತಗೊಳ್ಳೆ, ರೆಗೀನಾ." ಉಲ್ಲೇಖ 2 ಇದೇ.

4. ಜೂನ್‌ನಲ್ಲಿ ತಮ್ಮ ಆಟ ಬಂತು. ಊರಿನ ಡೇರಿಯಲ್ಲಿ ಕೆಲಸ ಮಾಡುವ ನನ್ನ ಮಗಳು ಕಿಂಗಾ ಅದನ್ನು ಮನೆಗೆ ತಂದು, "ಅಜ್ಜೀ, ಬನ್ನಿ ಇಲ್ಲಿ, ನಮ್ಮ ಕಲ್ಲು ಟೀವಿಯಲ್ಲಿ ಬಂದಿದೆ" ಎಂದು ಅತ್ತೆಯವರನ್ನು ಕೂರಿಸಿ ತೋರಿಸಿದಳು. ಈ ತಪ್ಪು ನಮ್ಮ ಕಡೆಯಿಂದಾಗಿದೆ. ಒಪ್ಪಿಕೊಳ್ಳುತ್ತೇನೆ.

5. ಆಟದಲ್ಲಿ ಕಲ್ಲಿನ ಮೇಲೆ ಮೂರು ಸಾಲು ಕೊರೆದಿದೆ. ಕಲ್ಲನ್ನು ಮುಟ್ಟಿದರೆ ಒಬ್ಬ ಗಂಡಸು ಬಾವಿಯೊಳಗಿಂದ ಬಂದಂಥ ದನಿಯಲ್ಲಿ ಅವನ್ನು ಓದುತ್ತಾನೆ. ಒಂದೊಂದು ಸಾಲಿಗೂ ನನ್ನ ಷರಾ ಹೀಗಿದೆ:

'ಕಲ್ಲು ಬೆವರಿದಂದು ಅರಸನು ಉರುಳುವನು.' ಉಪ್ಪು ಕುಡಿದ ಕಲ್ಲಾದ್ದರಿಂದ ಗಾಳಿಯಲ್ಲಿ ತೇವ ಹೆಚ್ಚಿದರೆ ಬೆವರುವುದು ನಿಜ. ಕಲ್ಲು ಬೆವರಿದ ದಿನ ನಾವು ಹುಲ್ಲು ಕೊಯ್ಯುವುದಿಲ್ಲ, ಮಳೆ ಬರುತ್ತದೆ. ಅರಸರು ನಮ್ಮಲ್ಲಿಲ್ಲ. ಆದರೆ ಈ ವಸಂತದಲ್ಲಿ ಕಲ್ಲು ಬೆವರಿದ್ದ ದಿನವೇ, ಇಪ್ಪತ್ತೆರಡು ವರ್ಷದಿಂದ ಇದ್ದ ನಮ್ಮ ಊರ ಮುಖಂಡರು ಚುನಾವಣೆಯಲ್ಲಿ ಸೋತರು. "ಇಪ್ಪತ್ತೆರಡು ವರ್ಷ ಕುರ್ಚಿ ಬಿಡದೋನು ಅರಸ ಅಲ್ದೆ ಇನ್ಯಾರೇ?" ಎಂದು ಅತ್ತೆ ಕೇಳುತ್ತಾರೆ.

'ನಲವತ್ತು ದಿನ ಕಲ್ಲಡಿ ಮಲಗಿದ್ದು ಬೇರೆಯದಾಗಿ ಏಳುವುದು.' ನಿಜ. ಆದರೆ ನಲವತ್ತೆರಡು ದಿನ ಬೇಕು. ಈ ಲೋಪವನ್ನು ತಮ್ಮ ಬಿಡುವಿನಂತೆ ಸರಿಪಡಿಸಬಹುದು, ಅವಸರವಿಲ್ಲ.

'ಮುದಿ ಕೈ ಎಳೆ ಕೈಗೆ ಕಲ್ಲನಿತ್ತಂದು ಮುದಿ ಕೈಯ ದೀಪ ನಂದುವುದು.' ಎಳೆ ಕೈ ಎಂಬ ಪದಕ್ಕೆ ನನ್ನ ಆಕ್ಷೇಪಣೆ ಇಲ್ಲ. ಉಳಿದದ್ದಕ್ಕೆ ಇದೆ.

6. ಆಟದಲ್ಲಿ ಒಬ್ಬ ಮುದಿ ಮಾಟಗಾತಿ ತನ್ನ ಶಿಷ್ಯೆಗೆ ಕಲ್ಲು ಕೊಡುತ್ತಾಳೆ, ಕೊಟ್ಟ ತಕ್ಷಣ ಕೂತಲ್ಲೇ ಬೂದಿಯಾಗುತ್ತಾಳೆ. ಆ ಮಾಟಗಾತಿ ಕಟ್ಟಿಕೊಂಡಿರುವ ನೀಲಿ ಚುಕ್ಕೆಯ ಏಪ್ರನ್ ನಮ್ಮ ಅತ್ತೆಯದು. ಶ್ರೀ ಕಯೆತಾನ್ ಅವರು ಅದರ ಫೋಟೊವನ್ನೂ ತೆಗೆದಿರಬೇಕು. ಎಡ ಜೇಬಿನ ತೇಪೆ ಸಹ ಹಾಗೇ ಇದೆ. ಅತ್ತೆ ಆ ಭಾಗವನ್ನು ಮೂರು ಸಲ ಆಡಿಸಿ ನೋಡಿದರು.

"ಮೂರು ಸಲಾನೂ ಸತ್ಲು," ಎಂದರು.

"ಅಜ್ಜೀ, ನಾನು ಬಟನ್ ಒತ್ತಿದ್ದಕ್ಕೆ ಅವಳು ಸತ್ತಿದ್ದು. ಒತ್ತದೇ ಇದ್ರೆ ಹಾಗೇ ಕೂತಿರ್ತಾಳೆ," ಎಂದಳು ಕಿಂಗಾ.

"ಅದನ್ನೇ ನಾನೂ ಹೇಳ್ತಿರೋದು. ಕೊಡದೇ ಇದ್ರೆ ಕೂತಿರ್ತಾಳೆ."

ಅವತ್ತೇ ಕಲ್ಲು ನೆಲಮಾಳಿಗೆಯಿಂದ ಅತ್ತೆಯ ಕೋಣೆಗೆ ಹೋಯಿತು. ಈಗ ಮಂಚದ ಪಕ್ಕದ ಕುರ್ಚಿಯ ಮೇಲೆ, ಉಣ್ಣೆಯ ಶಾಲು ಹೊದ್ದುಕೊಂಡು ಕೂತಿದೆ.

7. ಈ ಮೂರನೆಯ ಸಾಲು ತಮ್ಮ ವಿಭಾಗಕ್ಕೆ ಎಲ್ಲಿಂದ ಬಂತೆಂಬುದು ನನಗೆ ಗೊತ್ತಿದೆ, ಏಕೆಂದರೆ ಆಗ ನಾನು ಸೇಬಿನ ಕೇಕಿನ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಶ್ರೀ ಕಯೆತಾನ್ ಅವರು, "ಅಜ್ಜಿ, ನಿಮ್ಮ ನಂತರ ಈ ಕಲ್ಲು ಯಾರಿಗೆ?" ಎಂದು ಕೇಳಿದರು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದನ್ನ ಇವಳ ಕೈಗೆ ಕೊಟ್ಟ ದಿನ ನನ್ನ ಕತೆ ಮುಗೀತು ಅಂತ ಬರ್ಕೋ ಮಗಾ" ಎಂದರು. ಹುಡುಗ ಒಳ್ಳೆಯವನು, ಬರೆದುಕೊಂಡ. ಅತ್ತೆ ಸೊಸೆಯರ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಆಡುವ ಮಾತು ಅದು. ಬರೆದುಕೊಳ್ಳತಕ್ಕದ್ದಲ್ಲ.

ಈ ಸಂಗತಿಯನ್ನು ನಾನು ಅತ್ತೆಯವರ ಗಮನಕ್ಕೆ ತಂದೆ. ಇಲ್ಲಿ ನಾವು ಅತ್ತೆಯನ್ನೂ ಅಮ್ಮ ಎಂದೇ ಕರೆಯುವುದು.

"ಅಮ್ಮಾ, ಅದು ನೀವೇ ಹೇಳಿದ್ದು. ನಿಮ್ಮ ಮಾತನ್ನೇ ಅವರು ತಿರುಗಿಸಿ ಹಾಕಿದ್ದಾರೆ."

"ನಾನಾ? ನಾನು ಹಾಗಂದೇ ಇಲ್ಲ. ನಾನು ಅಂದಿದ್ರೆ ಅಷ್ಟು ಚೆನ್ನಾಗಿ ಇರ್ತಿತ್ತಾ?"

8. ಇತ್ಯರ್ಥಕ್ಕಾಗಿ ಕೈಗೊಂಡ ಕ್ರಮಗಳು:

ಕಲ್ಲನ್ನು ನೆಲದ ಮೇಲೆ ಇಡಿ, ನಾನೇ ಎತ್ತಿಕೊಳ್ಳುತ್ತೇನೆ, ಆಗ ಕೈಯಿಂದ ಕೈಗೆ ಕೊಟ್ಟಂತಾಗುವುದಿಲ್ಲ ಎಂದು ಸೂಚಿಸಿದೆ. "ಸಾವಿಗೇನು ಅಷ್ಟೂ ಗೊತ್ತಾಗಲ್ವಾ?" ಎಂದರು.

ನನ್ನ ಗಂಡನ ಮೂಲಕ ದಾಟಿಸುವ ಪ್ರಸ್ತಾಪವಿತ್ತು. ಗಂಡಸು ಮುಟ್ಟಿದ ಕಲ್ಲಿನಡಿ ಕೋಸು ಲೋಳೆಯಾಗುತ್ತದೆ. ಇದು ಎಲ್ಲರಿಗೂ ತಿಳಿದ ವಿಚಾರ. ಜೆನೊನ್ ಈ ನಂಬಿಕೆಗೆ ಎಂದೂ ಎದುರಾಡಿಲ್ಲ. ಭಾರ ಎತ್ತುವ ಎಲ್ಲ ವಿಷಯಗಳಲ್ಲೂ ಅವರು ಸಂಪ್ರದಾಯಸ್ಥರು.

ಚರ್ಚಿನ ಪಾದ್ರಿಗಳನ್ನು ಕರೆಸಿದೆ. ಅವರು ಚಹಾ ಕುಡಿದು, ಇಂಥ ಭವಿಷ್ಯವಾಣಿ ನಂಬುವುದು ಪಾಪವೆಂದು ಸ್ಪಷ್ಟವಾಗಿ ಹೇಳಿದರು. "ಹಾಗಾದ್ರೆ ಕೊಟ್ರೆ ಸಾಯಲ್ಲ ಅಂತ ಒಂದು ಚೀಟೀಲಿ ಬರ್ದು ಕೊಡಿ ಫಾದರ್" ಎಂದರು ಅತ್ತೆ. ಪಾದ್ರಿಗಳು ಅವರ ವಯಸ್ಸು ಕೇಳಿದರು. ಕೇಳಿದ ಮೇಲೆ ಟೋಪಿ ಹುಡುಕಿಕೊಂಡರು.

ಬೇರೆ ಕಲ್ಲು ಇಟ್ಟುಕೊಳ್ಳಬಹುದಲ್ಲ ಎಂದು ತಾವು ಕೇಳಬಹುದು. ಕಲ್ಲುಗಳಿಗೆ ನಮ್ಮಲ್ಲಿ ಬರವಿಲ್ಲ. ಮೂವತ್ತೊಂದು ವರ್ಷ ಕಾದದ್ದು ಕಲ್ಲಿಗಲ್ಲ ಎಂದಷ್ಟೇ ತಮ್ಮ ಗಮನಕ್ಕೆ ತರಬಯಸುತ್ತೇನೆ.

9. ಆದ್ದರಿಂದ ಸದರಿ ಮೂರನೆಯ ಸಾಲನ್ನು ಮುಂದಿನ ಅಪ್‌ಡೇಟ್‌ನಲ್ಲಿ ಸಂಪೂರ್ಣ ರದ್ದುಪಡಿಸಬೇಕೆಂದು

(ಮೇಲಿನ ವಾಕ್ಯವನ್ನು ಇಲ್ಲಿಗೇ ನಿಲ್ಲಿಸಲಾಗಿದೆ. ಕಾರಣ ಮುಂದಿನ ಅಂಶದಲ್ಲಿದೆ.)

10. ಇಷ್ಟು ಬರೆಯುವಾಗ ಮಧ್ಯಾಹ್ನವಾಗಿತ್ತು. ಅತ್ತೆ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು.

"ಏನೇ ಅದು, ಬೆಳಗ್ಗೆಯಿಂದ ಬರೀತಿದೀಯಾ?"

"ಅರ್ಜಿ, ಅಮ್ಮಾ. ಆಟದ ಕಂಪನಿಗೆ."

"ಓದು."

ಓದಿದೆ. ಮೂರನೆಯ ಅಂಶ ಬಂದಾಗ ನನ್ನ ದನಿ ಸ್ವಲ್ಪ ಇಳಿಯಿತು. "ಜೋರಾಗಿ ಓದು, ನನ್ನ ಕೈ ಸಣ್ಣದಾಗಿರೋದು ನಂಗೆ ಗೊತ್ತಿಲ್ವಾ?" ಎಂದರು. ಪೂರ್ತಿ ಕೇಳಿ, ಒಲೆಯ ಕಡೆ ನೋಡುತ್ತಾ ಕೂತರು.

"ಹಾಗಾದ್ರೆ ನಾನು ಸಾವಿಗೆ ಹೆದರ್ಕೊಂಡಿದೀನಿ ಅಂತ ಬರ್ದಿದೀಯಾ."

"ಅಲ್ವಾ ಅಮ್ಮಾ?"

"ಎಂಬತ್ತಾರಕ್ಕೆ ಯಾವಳೇ ಹೆದರ್ತಾಳೆ? ಹೆದರೋ ವಯಸ್ಸು ನಿಂದು." ಒಲೆಯಿಂದ ನನ್ನ ಕಡೆ ತಿರುಗಿ ಹೇಳಿದರು. "ನಮ್ಮತ್ತೆ ನಂಗೆ ಕಲ್ಲು ಕೊಟ್ಲಲ್ಲ, ಮಾರನೇ ದಿನ ನಾನೇ ಕೈ ಹಿಡ್ಕೊಂಡು ಹೋಗಿ ಕಿಟಕಿ ಹತ್ರ ಕೂರ್ಸ್ದೆ. ಇನ್ನು ಆರಾಮಾಗಿರಿ ಅಮ್ಮಾ ಅಂದೆ. ಒಳ್ಳೇದಕ್ಕೇ ಅಂದಿದ್ದು. ಆಮೇಲೆ ಕೋಸು ಹೆಚ್ಚೋ ದಿನ ಒಂದು ಸಲಾನೂ ಕರೀಲಿಲ್ಲ. ಹದಿನಾಲ್ಕು ವರ್ಷ ಆ ಕಿಟಕೀಲಿ ಆರಾಮಾಗಿದ್ಲು. ಗಟ್ಟಿಮುಟ್ಟಾಗಿದಾಳೆ ಮುದುಕಿ ಅಂತಿದ್ರು ಊರೋರು." ಏಪ್ರನ್ನಿನ ಅಂಚನ್ನು ಮಡಿಚಿದರು, ಬಿಡಿಸಿದರು. "ದೀಪ ನಂದೋದು ಅಂದ್ರೆ ಏನು ಅಂತ ಆ ದನಿಯೋನಿಗೆ ಗೊತ್ತಿದೆ ಕಣೆ. ನೀನು ಅದನ್ನ ತೆಗಿಸ್ಬೇಡ. ಅದು ಸುಳ್ಳಲ್ಲ."

ಮೂವತ್ತೊಂದು ವರ್ಷದಲ್ಲಿ ಅವರು ನನ್ನೊಡನೆ ಇಷ್ಟು ಉದ್ದ ಮಾತಾಡಿದ್ದು ನೆನಪಿಲ್ಲ. ನಾನು ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ. ಆಮೇಲೆ, ತೆಗೆಸುವುದು ಬೇಡ, ತಿದ್ದಿಸೋಣವೇ ಎಂದು ಕೇಳಿದೆ. ಹೇಗೆ ಎಂದರು. ಬರೆದು ಓದಿದೆ.

"ಪೀಪಾಯಿ ಪಕ್ಕ ಕೂರುವಳು ಅಂತ ಹಾಕಿದೀಯಾ. ಬರೀ ಕೂತ್ಕೊಂಡು ಏನ್ಮಾಡ್ಲಿ? ಬೈಯುವಳು ಅಂತಾನೂ ಹಾಕು."

"ಅದನ್ನ ಬರೀಲೇಬೇಕಾ ಅಮ್ಮಾ? ಬರೀದೇ ಇದ್ರೂ ಬೈತೀರಲ್ಲ."

"ಬರ್ದಿದ್ರೆ ನೀನು ಮುಖ ಊದಿಸ್ಕೊಳ್ಳೋ ಹಾಗಿಲ್ಲ. ಅದಕ್ಕೆ."

ಹಾಕಿದ್ದೇನೆ. ಇಷ್ಟಾದ ಮೇಲೆ ಕಲ್ಲು ಕೊಟ್ಟೇಬಿಡುತ್ತಾರೆಂದು ನಾನು ತೋಳು ಮುಂದೆ ಮಾಡಿದ್ದುಂಟು. "ತಾಳು. ನೀನು ಬರ್ದ ಮಾತ್ರಕ್ಕೆ ಆಯ್ತಾ? ಆ ದನಿಯೋನು ಹೇಳ್ಬೇಕು" ಎಂದು ಎದ್ದುಹೋದರು.

11. ಆದ್ದರಿಂದ ಮತ್ತು ಮೇಲ್ಕಂಡ ಕಾರಣಗಳಿಂದ, 9ನೆಯ ಅಂಶವನ್ನು ಕೈಬಿಟ್ಟು, ಮೂರನೆಯ ಸಾಲನ್ನು ಈ ಕೆಳಗಿನಂತೆ ತಿದ್ದಿಕೊಡಬೇಕಾಗಿ ಕೋರುತ್ತೇನೆ:

'ಮುದಿ ಕೈ ಎಳೆ ಕೈಗೆ ಕಲ್ಲನಿತ್ತಂದು, ಮುದಿ ಕೈಯವಳು ಪೀಪಾಯಿಯ ಪಕ್ಕದಲ್ಲಿ ಕೂರುವಳು, ಬೈಯುವಳು. ಅವಳು ಸಾಕು ಎಂಬ ತನಕ ಉಪ್ಪು ಬೀಳುವುದು. ಕಿಟಕಿಗೆ ಕಳಿಸಿದರೆ ಮಾತ್ರ ದೀಪ ನಂದುವುದು.'

ಇದನ್ನು ಅದೇ ಗಂಡಸೇ, ಅದೇ ದನಿಯಲ್ಲಿ, ಸ್ವಲ್ಪ ನಿಧಾನವಾಗಿ ಓದಬೇಕು. ಅತ್ತೆಯವರಿಗೆ ಎಡಗಿವಿ ಕೇಳುವುದಿಲ್ಲ. ಮಾಟಗಾತಿ ಬೂದಿಯಾಗುವುದರ ಬದಲು ಕೂತೇ ಇರುವಂತೆ ಮಾಡಲು ತಾಂತ್ರಿಕವಾಗಿ ಕಷ್ಟವಿಲ್ಲವೆಂದು ಕಿಂಗಾ ಹೇಳುತ್ತಾಳೆ. ಉಳಿದ ಆರು ವಸ್ತುಗಳ ಬಗ್ಗೆ, ಅಂದರೆ ನಾಲಗೆಯಿಲ್ಲದ ಗಂಟೆ, ಕುರುಡನ ಕನ್ನಡಿ ಮೊದಲಾದವುಗಳ ಬಗ್ಗೆ, ನಮಗೆ ಯಾವ ತಕರಾರೂ ಇಲ್ಲ. ಅವು ಯಾರ ಮನೆಯವೋ, ಅವರು ಪ್ರತ್ಯೇಕ ಅರ್ಜಿ ಹಾಕಿಕೊಳ್ಳುತ್ತಾರೆ.

12. ಕೋಸು ಹೆಚ್ಚುವುದು ಇದೇ ತಿಂಗಳ ಇಪ್ಪತ್ತನಾಲ್ಕರ ಶನಿವಾರ. ಅರವತ್ತೆರಡು ಕೋಸು ಈಗಾಗಲೇ ಜಗುಲಿಯಲ್ಲಿ ಬಂದು ಕೂತಿವೆ. ಮುಂದಿನ ಆವೃತ್ತಿಯ ತನಕ ಕಾಯುವ ಗುಣ ಅವಕ್ಕಿಲ್ಲ.

ತಮ್ಮ ಉತ್ತರದ ದಾರಿ ನೋಡುತ್ತಿರುವ, ತಮ್ಮ ವಿಶ್ವಾಸಿ,
ರೆಗೀನಾ ಸಡೋವ್ಸ್ಕಾ

ಸ್ಥಳ: ವುಲ್ಕಾ ಓಲ್ಶೋವಾ
ದಿನಾಂಕ: ಅಕ್ಟೋಬರ್ 9

ಅಡಕಗಳು:
1. ಕಲ್ಲಿನ ಫೋಟೊ ಒಂದು, ಶಾಲು ಸಮೇತ. (ಶಾಲು ತೆಗೆಯಲು ಅತ್ತೆ ಒಪ್ಪಲಿಲ್ಲ.)
2. ತಿದ್ದಿದ ಸಾಲಿಗೆ ಲೆಯೊಕಾಡ್ಯಾ ಸಡೋವ್ಸ್ಕಾ ಅವರ ಒಪ್ಪಿಗೆ ಸಹಿ. 'ಬೈಯುವಳು' ಎಂಬ ಪದದ ಕೆಳಗೆ ಗೆರೆ ಎಳೆದವರು ಅವರೇ.
3. ಹೋದ ವರ್ಷದ ಮೆತ್ತಗಾದ ಕೋಸು, ಒಂದು ಬಾಟಲಿ. ತುರ್ತನ್ನು ತಾವು ಮನಗಾಣುವ ಸಲುವಾಗಿ.

ವಿಶೇಷ ಸೂಚನೆ: ಇಪ್ಪತ್ತನಾಲ್ಕರೊಳಗೆ ತಿದ್ದುಪಡಿ ಸಾಧ್ಯವಾಗದಿದ್ದ ಪಕ್ಷದಲ್ಲಿ, ನಮ್ಮ ಅತ್ತೆಯವರು ಯಾವಾಗ ತೀರಿಕೊಳ್ಳುತ್ತಾರೆಂಬುದು ತಮ್ಮ ಕಚೇರಿಗೆ ತಿಳಿದಿಲ್ಲವೆಂದು ಒಂದು ಸಾಲು ಬರೆದು, ಮೊಹರು ಹಾಕಿ, ಮರುಟಪಾಲಿನಲ್ಲಿ ಕಳಿಸಿಕೊಡಬೇಕು. ನಮಗೂ ತಿಳಿದಿಲ್ಲ. ಅಷ್ಟರ ಆಧಾರದ ಮೇಲೆ ನಾವು ಹೆಚ್ಚಲು ಶುರುಮಾಡುತ್ತೇವೆ.