ಬಿಯರಿನ ತೇವಾಂಶ

೨೦೨೪ನೇ ಇಸವಿ ನವೆಂಬರ್ ಹದಿನಾಲ್ಕು, ಗುರುವಾರ. ಹುಣಸೂರಿನಲ್ಲಿ ಬೆಳಗ್ಗೆ ಮಂಜು, ಹತ್ತು ಗಂಟೆಯ ನಂತರ ಬಿಸಿಲು, ಗಾಳಿ ಅಷ್ಟಕ್ಕಷ್ಟೆ. ಅಂದು ಪರ್ಯಾಯ ಬೆಳೆ ಪ್ರೋತ್ಸಾಹ ನಿಗಮದ ಉಪಕೇಂದ್ರದಲ್ಲಿ ಒಂದು ಬಿಯರನ್ನು ಕ್ರಮಬದ್ಧವಾಗಿ ಪರೀಕ್ಷಿಸಿ, ಅದರಲ್ಲಿ ತೇವಾಂಶ ಹೆಚ್ಚಾಗಿದೆ ಎಂಬ ಕಾರಣಕ್ಕೆ ತಿರಸ್ಕರಿಸಲಾಯಿತು.

ಬಿಯರು ಮಂಗಳಗೌರಿಯದಲ್ಲ. ಅದರೊಳಗಿನ ಹೂವು ಅವಳದು. ಕಟ್ಟೆಮಳಲವಾಡಿಯ ಮಂಗಳಗೌರಿ ಎರಡು ವರ್ಷದ ಹಿಂದೆ ನಿಗಮದ ಮಾತು ಕೇಳಿ ತಂಬಾಕು ಬಿಟ್ಟವಳು. ಪರವಾನಗಿ ಒಪ್ಪಿಸಿ, ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೀಗ ಹಾಕಿ, ನಿಗಮ ಕೊಟ್ಟ ನೆರಳುಬಲೆಯ ಕೆಳಗೆ ಹಾಪ್ ಬಳ್ಳಿ ಹಬ್ಬಿಸಿದ್ದಳು. ಹಾಪ್ ಎಂದರೆ ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಹಸಿರು ಹೂವು. ಅದು ಉದ್ದ ಹಗಲಿನ ಸೀಮೆಯ ಗಿಡವಾದ್ದರಿಂದ, ಕತ್ತಲಾದ ಮೇಲೂ ಬಲ್ಬು ಉರಿಸಿ ಅದಕ್ಕೆ ಇನ್ನೂ ಹಗಲಿದೆ ಎಂದು ನಂಬಿಸಬೇಕು.

"ಬಳ್ಳಿಗೆ ನಲವತ್ತು ಬಲ್ಬು. ನನ್ ಕ್ವಾಣೇಲಿ ಇರೋದೊಂದು, ಅದೂ ಮಿಣಮಿಣ ಅಂತದೆ," ಎಂದು ಅತ್ತೆ ರಾಚಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. "ನಮ್ ಮನೇಲಿ ಯಾರೂ ಯೆಂಡ ಮುಟ್ದೋರಲ್ಲ. ಇವ್ಳು ಅದ್ಕೆ ಊ ಬೆಳೀತವ್ಳೆ."

ಅತ್ತೆಯ ಮಾತನ್ನು ಮಂಗಳಗೌರಿ ಒಂದು ಕಿವಿಯಲ್ಲಿ ಕೇಳುತ್ತಿದ್ದಳು. ಮೊದಲ ಹೂವನ್ನು ಬೆರಳಲ್ಲಿ ಉಜ್ಜಿದಾಗ ಹಳದಿ ಪುಡಿ ಅಂಟಿ, ಕಿತ್ತಳೆ ಸಿಪ್ಪೆಯ ಹಾಗೆ, ಹಸಿ ಕಟ್ಟಿಗೆಯ ಹಾಗೆ ಘಮ ಬಂದಿತ್ತು. ಹದಿನೆಂಟು ವರ್ಷ ಹೊಗೆಸೊಪ್ಪಿನ ಅಂಟು ತೊಳೆದ ಕೈ ಅದು. ಆವತ್ತು ಅವಳು ಕೈ ತೊಳೆಯದೆ ಊಟಕ್ಕೆ ಕೂತಳು.

ನಿಗಮದ ಒಪ್ಪಂದ ಸರಳವಾಗಿತ್ತು. ಹೂವಿನಿಂದ ತಯಾರಾದ ಪದಾರ್ಥವನ್ನು ತೀರ್ಪುಗಾರರು ಒಪ್ಪಿದರೆ ಬಳ್ಳಿ ಉಳಿಯುತ್ತದೆ. ಒಪ್ಪದಿದ್ದರೆ ಬೆಳೆಗಾರರು ಅದನ್ನು ಸ್ವಂತ ಖರ್ಚಿನಲ್ಲಿ ಬುಡಸಮೇತ ಕಿತ್ತು, ಕಿತ್ತ ಗುಂಡಿಯ ಪಕ್ಕ ನಿಂತು ಫೋಟೋ ತೆಗೆಸಿ ಸಲ್ಲಿಸಬೇಕು. ಫೋಟೋದಲ್ಲಿ ಮುಖ ಸ್ಪಷ್ಟವಾಗಿ ಕಾಣಬೇಕು.

ಪದಾರ್ಥ ತಯಾರಿಸಿದವನು ಮೈಸೂರಿನ ಸಾಗರ್. ಸ್ವಂತ ಪುಟ್ಟ ಘಟಕದಲ್ಲಿ ಬಿಯರ್ ಮಾಡುವವನು, ನಲವತ್ತರ ಹತ್ತಿರದವನು, ತನ್ನ ಬಿಯರಿನ ಬಗ್ಗೆ ಮಾತಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅವನು ಮಂಗಳಗೌರಿಯ ಹೂವಿನಿಂದ ಅರವತ್ತು ಬಾಟಲಿ ಸಿಂಗಲ್ ಹಾಪ್ ಇಂಡಿಯಾ ಪೇಲ್ ಏಲ್ ಮಾಡಿ ತಂದಿದ್ದ. ಹೊಂಬಣ್ಣದ, ಕಹಿ ಮುಂದಾದ ಬಿಯರು; ಒಂದೇ ಜಾತಿಯ ಹಾಪ್ ಹಾಕಿದ್ದರಿಂದ ಒಳ್ಳೆಯದಿದ್ದರೂ ಕೆಟ್ಟದಿದ್ದರೂ ಪೂರ್ತಿ ಆ ಹೂವಿನದೇ ಹೊಣೆ.

ಉಪಕೇಂದ್ರದ ಅಧಿಕಾರಿ ಗೋವಿಂದಯ್ಯನವರು ಅರ್ಜಿಯನ್ನು ಓದಿ ಕನ್ನಡಕ ತೆಗೆದರು.

"ಒಂದೇ ಹಾಪಾ?"

"ಒಂದೇ ಸಾರ್. ಅದೇ ಇದರ ವಿಶೇಷ."

"ಅದೇ ಇದರ ಆಕ್ಷೇಪಣೆ ಕಣ್ರೀ. ಸರ್ಕಾರಿ ದುಡ್ಡು. ಮೂರು ಕಡೆ ಕೇಳದೆ ಒಂದೇ ಕಡೆ ಕಹಿ ತಗೊಂಡ್ರೆ ನಾಳೆ ಆಡಿಟ್‌ನೋರು ನನ್ನ ಕೇಳ್ತಾರೆ."

ಆದ್ದರಿಂದ ಕಹಿ ಒದಗಿಸಲು ಇನ್ನಿಬ್ಬರು ಸ್ಪರ್ಧಿಗಳನ್ನು ಕರೆಯಲಾಯಿತು. ಸಂತೆಯಿಂದ ಹಾಗಲಕಾಯಿಯೂ ಕಚೇರಿ ಹಿಂದಿನ ಮರದಿಂದ ಬೇವಿನ ಸೊಪ್ಪೂ ಬಂದವು. ಹಾಗಲಕಾಯಿ ಗಡುವಿನ ನಂತರ ಬಂದದ್ದರಿಂದಲೂ, ಬೇವು ಠೇವಣಿ ಕಟ್ಟದಿದ್ದುದರಿಂದಲೂ ಅನರ್ಹವಾದವು. ಹಾಪ್ ನ್ಯಾಯವಾಗಿ ಗೆದ್ದಿತು. ಹಾಗಲಕಾಯಿಯನ್ನು ಗೋವಿಂದಯ್ಯನವರು ಮನೆಗೆ ಒಯ್ದರು.

ತೀರ್ಪುಗಾರರ ನೇಮಕಕ್ಕೂ ನಿಯಮವಿತ್ತು. ಪರೀಕ್ಷಿಸುವ ಪದಾರ್ಥದ ಬಗ್ಗೆ ತೀರ್ಪುಗಾರರಿಗೆ ಯಾವುದೇ ಪೂರ್ವ ಒಲವು ಇರತಕ್ಕದ್ದಲ್ಲ. ಒಂದು ಸಲ ಕುಡಿದವನಿಗೂ ಒಲವು ಬಂದಿರಬಹುದಾದ್ದರಿಂದ, ಹುಟ್ಟಿದಾಗಿನಿಂದ ಬಿಯರ್ ಮುಟ್ಟದವರನ್ನೇ ಆರಿಸಲಾಯಿತು. ಪಿರಿಯಾಪಟ್ಟಣದಿಂದ ಸಹಕಾರ ಸಂಘದ ಮಾಜಿ ಕಾರ್ಯದರ್ಶಿಯೊಬ್ಬರು, ಕೆ.ಆರ್. ನಗರದಿಂದ ಯೋಗ ಶಿಕ್ಷಕರೊಬ್ಬರು. ಮುಖ್ಯ ತೀರ್ಪುಗಾರರು ಪ್ರಭುಸ್ವಾಮಿ. ಹಣೆ ತುಂಬ ವಿಭೂತಿ, ಗರಿಗರಿ ಬಿಳಿ ಪಂಚೆ. ಖಾಸಗಿ ಗೋದಾಮೊಂದರಲ್ಲಿ ಜೀವಮಾನವೆಲ್ಲ ತಂಬಾಕಿನ ದರ್ಜೆ ಕಟ್ಟಿದವರು. ಎಲೆಯನ್ನು ಹೆಬ್ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ಒಮ್ಮೆ ಮೂಸಿ ಅದು ಯಾರ ಹೊಲದ್ದೆಂದು ಹೇಳುತ್ತಿದ್ದರಂತೆ. ಹತ್ತರಲ್ಲಿ ಆರು ಸಲ ತಪ್ಪು ಹೇಳುತ್ತಿದ್ದರು. ಆದರೆ ಗಟ್ಟಿಯಾಗಿ ಹೇಳುತ್ತಿದ್ದರು.

"ನಾನು ಕುಡಿಯೋದಿಲ್ಲ," ಎಂದರು ಅವರು ಬಂದ ಕೂಡಲೇ. "ದರ್ಜೆ ಹೇಳೋಕೆ ಕುಡೀಬೇಕಾಗಿಲ್ಲ. ನಾನು ಬೀಡಿ ಸೇದಿದ್ದು ಯಾರಾದ್ರೂ ನೋಡಿದೀರಾ?"

ಯಾರೂ ನೋಡಿರಲಿಲ್ಲ.

ನಿಗಮದ ಬಳಿ ಬಿಯರ್ ಪರೀಕ್ಷೆಯ ಕ್ರಮವೆಂಬುದು ಇರಲಿಲ್ಲ. ಇದ್ದದ್ದು ಪ್ರಭುಸ್ವಾಮಿಯವರು ಬಲ್ಲ ತಂಬಾಕಿನ ಕ್ರಮ ಒಂದೇ. ಅದರಂತೆ ಅರವತ್ತು ಬಾಟಲಿಗಳನ್ನು ಗೋಣಿತಾಟಿನಲ್ಲಿ ಸುತ್ತಿ ಬೇಲು ಕಟ್ಟಿ, ತೂಗಿ, ಚೀಟಿ ಅಂಟಿಸಿ, ಸಿಮೆಂಟು ನೆಲದ ಮೇಲೆ ಸಾಲಾಗಿ ಇಡಲಾಯಿತು. ಮಂಗಳಗೌರಿ ಹಳೆಯ ಅಭ್ಯಾಸದಂತೆ ತನ್ನ ಬೇಲಿನ ತಲೆದೆಸೆಯಲ್ಲಿ ಕೈಕಟ್ಟಿ ನಿಂತಳು. ತೀರ್ಪುಗಾರರು ಸಾಲಿನುದ್ದಕ್ಕೂ ನಡೆದು ಬಂದರು. ಪ್ರಭುಸ್ವಾಮಿಯವರು ಒಂದು ಬಾಟಲಿಯನ್ನು ಒತ್ತಿ ನೋಡಿದರು.

"ಮೆತ್ತಗಿಲ್ಲ."

"ಅದು ಗಾಜು ಸಾರ್," ಎಂದ ಸಾಗರ್. "ಗ್ಲಾಸಿಗೆ ಬಗ್ಗಿಸ್ತೀನಿ, ಮೂಸಿ ನೋಡಿ."

ಬಗ್ಗಿಸಿದ. ಬಿಳಿ ನೊರೆ ಎದ್ದು ನಿಂತಿತು. ಪ್ರಭುಸ್ವಾಮಿಯವರು ಮೂಗು ತಂದು, ಕಣ್ಣರಳಿಸಿ, ಇನ್ನೊಮ್ಮೆ ತಂದರು. ಮಂಗಳಗೌರಿ ಕತ್ತು ಚಾಚಿ ನೋಡಿದಳು. ಅವರ ಮುಖದಲ್ಲಿ ಒಂದು ಗಳಿಗೆ ಕಿತ್ತಳೆ ಸಿಪ್ಪೆ ಕಂಡ ಹಾಗಿತ್ತು.

"ಘಮ ಐತೆ," ಎಂದರು. "ಬಣ್ಣ ಐತೆ. ಮೀಟರ್ ಕೊಡಿ."

ತೇವಾಂಶ ಅಳೆಯುವ ಮೀಟರಿನ ಮೊಳೆಯನ್ನು ಗ್ಲಾಸಿನೊಳಕ್ಕೆ ಇಳಿಬಿಟ್ಟರು. ಮೀಟರು ಕುಂಯ್ ಎಂದು, ಮುಳ್ಳು ಕೊನೆಗೆ ಹೋಗಿ ಅಲ್ಲೇ ನಿಂತಿತು. ಪಿರಿಯಾಪಟ್ಟಣದವರು ನಾಲಿಗೆ ಲೊಚಗುಟ್ಟಿದರು.

ಗೋವಿಂದಯ್ಯನವರು ಬೇಸರದಿಂದಲೇ ಮಾತಾಡಿದರು. "ನೋಡಮ್ಮಾ, ನಾನೇನು ನಿನ್ನ ಬಳ್ಳಿಗೆ ಶತ್ರು ಅಲ್ಲ. ಹದಿನೆಂಟು ಪರ್ಸೆಂಟಿಗೆ ಪಾಸು. ಇಪ್ಪತ್ತಿದ್ರೆ ಕಣ್ಮುಚ್ಕಂಡು ಬುಡ್ತಿದ್ದೆ. ತೊಂಬತ್ತರ ಮೇಲೆ ನೀರಿಟ್ಕಂಡು ಬಂದ್ರೆ ಯಾವ ಮೊಕ ಇಟ್ಕಂಡು ಪಾಸ್ ಮಾಡ್ಲಿ?"

"ಸಾರ್, ಅದು ಬಿಯರ್," ಎಂದ ಸಾಗರ್. "ಅದ್ರಲ್ಲಿ ನೀರೇ ಇರೋದು."

"ನಾವೂ ಅದನ್ನೇ ಹೇಳ್ತಿರೋದು. ನೀವೇ ಒಪ್ಕೊಂಡ್ರಿ." ಗೋವಿಂದಯ್ಯನವರು ಗುಮಾಸ್ತರ ಕಡೆ ತಿರುಗಿದರು. "ತಯಾರಕರು ಒಪ್ಪಿರುತ್ತಾರೆ ಅಂತ ಬರ್ಕೊಳ್ಳಿ."

ಮಂಗಳಗೌರಿ ತಿರಸ್ಕಾರದ ಚೀಟಿಯನ್ನು ನೋಡಿದಳು. ಹದಿನೆಂಟು ವರ್ಷದಲ್ಲಿ ಇಂಥ ಚೀಟಿ ಅವಳ ತಂಬಾಕಿನ ಬೇಲುಗಳ ಮೇಲೂ ಎಷ್ಟೋ ಸಲ ಬಿದ್ದಿತ್ತು. ಆಗೆಲ್ಲ ಏನು ಮಾಡುತ್ತಿದ್ದಳೋ ಅದೇ ಈಗಲೂ ಬಾಯಿಗೆ ಬಂತು.

"ಒಣಗಿಸ್ಕಂಡ್ ಬತ್ತೀನಿ ಸಾರ್. ಟೈಮ್ ಕೊಡಿ."

ಸಾಗರ್ ಗೋಡೆಗೆ ಒರಗಿ ಕೂತ. ಮಿಕ್ಕವರೆಲ್ಲ ಮೆಚ್ಚಿ ತಲೆಯಾಡಿಸಿದರು. ಇಷ್ಟು ಹೊತ್ತು ಯಾರೂ ಇಷ್ಟು ವಿವೇಕದ ಮಾತಾಡಿರಲಿಲ್ಲ.

ಹತ್ತು ದಿನದ ಗಡುವು ಸಿಕ್ಕಿತು. ಬೇಲು ವಾಪಸು ಪಡೆಯಲು ಮರುದಿನ ಹೋದಾಗ ಅರವತ್ತು ಬಾಟಲಿಯಲ್ಲಿ ಹನ್ನೆರಡು ಇದ್ದವು. ಉಳಿದ ನಲವತ್ತೆಂಟು ಉಪಕೇಂದ್ರದ ದಾಸ್ತಾನಿನಲ್ಲಿ ಆವಿಯಾಗಿದ್ದವು. ಆವಿಯಾಗುವಿಕೆಯನ್ನು ಮುಚ್ಚಳ ತಡೆಯಲಿಲ್ಲವೇ ಎಂದು ಸಾಗರ್ ಕೇಳಿದ. ಮುಚ್ಚಳ ತೆಗೆದ ಮೇಲೆ ತಡೆಯುವುದಿಲ್ಲ ಎಂದು ಗುಮಾಸ್ತ ಮಹದೇವಯ್ಯ ತಣ್ಣಗೆ ವಿವರಿಸಿದ. ಆ ದಿನ ಉಪಕೇಂದ್ರದ ಅರ್ಧ ಸಿಬ್ಬಂದಿ ತಲೆನೋವಿನ ರಜೆಯಲ್ಲಿದ್ದರು. ಉಳಿದರ್ಧ ಕಿಟಕಿ ಮುಚ್ಚಿಕೊಂಡು ಕೂತಿತ್ತು.

"ತೇವ ಕಮ್ಮಿಯಾಗ್ಲಿ ಅಂತ ನಾವೂ ಕೈಲಾದ್ದು ಮಾಡಿದೀವಿ," ಎಂದ ಮಹದೇವಯ್ಯ.

ಮಂಗಳಗೌರಿ ಬ್ಯಾರನ್ನಿನ ಬೀಗ ತೆಗೆದಳು. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಇಳಿಬಿಡುತ್ತಿದ್ದ ಗಳುಗಳಿಗೆ ಪರಾತ, ಬಾಂಡಲಿ, ಮದುವೆಯಲ್ಲಿ ಬಂದ ಹಿತ್ತಾಳೆ ತಟ್ಟೆ ಎಲ್ಲ ಹಗ್ಗದಲ್ಲಿ ತೂಗಿಬಿಟ್ಟು, ಬಿಯರನ್ನು ಅಳತೆ ನೋಡಿ ಹುಯ್ದಳು. ಒಲೆಗೆ ಸೌದೆ ಒಡ್ಡಿದಳು. ಹದ ಮಾಡುವುದನ್ನು ಖುದ್ದು ನೋಡಲು ಪ್ರಭುಸ್ವಾಮಿಯವರು ನಿಗಮದ ಜೀಪಿನಲ್ಲಿ ಬಂದರು. ಮೊದಲು ಹಳದಿಯಾಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ದಂಟು ಒಣಗಬೇಕು ಎಂಬುದು ತಂಬಾಕಿನ ಕ್ರಮ. ಬಿಯರು ಬರುವಾಗಲೇ ಹಳದಿಯಾಗಿದ್ದರಿಂದ ಮೊದಲ ಹಂತ ಮುಗಿದಿದೆ ಎಂದು ತೀರ್ಮಾನಿಸಿದರು. ದಂಟು ಇಲ್ಲದಿರುವುದನ್ನು ಉದಾರವಾಗಿ ಮನ್ನಿಸಿದರು.

ಸಾಗರ್ ಬ್ಯಾರನ್ನಿನ ಹೊರಗೆ ನಿಂತು, ಗವಾಕ್ಷಿಯಿಂದ ಏಳುತ್ತಿದ್ದ ಆವಿಯನ್ನು ನೋಡುತ್ತಿದ್ದ. ಅವನ ನಾಲ್ಕು ತಿಂಗಳ ಕೆಲಸ ಕಟ್ಟೆಮಳಲವಾಡಿಯ ಆಕಾಶಕ್ಕೆ ಹೋಗುತ್ತಿತ್ತು.

"ಘಮ್ ಅಂತದೆ ಕಣಪ್ಪ," ಎಂದಳು ರಾಚಮ್ಮ ಜಗಲಿಯಿಂದ. "ಯೆಂಡ ಅಂದ್ರೆ ಇಂಗಿರ್ತದೆ ಅಂತ ನಂಗೊತ್ತೇ ಇರ್ನಿಲ್ಲ."

"ಹೆಂಡ ಅಲ್ಲ ಅಜ್ಜಿ. ಪೇಲ್ ಏಲ್."

"ಏನೋ ಒಂದು. ಅಳೋದ್ಯಾಕೆ? ಕಾಪಿ ಕುಡಿ ಬಾ."

ಗಡುವಿನ ದಿನ ಪಾತ್ರೆಗಳ ತಳದಲ್ಲಿ ಉಳಿದದ್ದು ಮುನ್ನೂರು ಗ್ರಾಂ. ಕಂದು ಬಣ್ಣ, ಬೆಲ್ಲದ ಪಾಕ ಹೊತ್ತಿದ ಹಾಗೆ ಹೊಳಪು, ಮುಟ್ಟಿದರೆ ಅಂಟು. ಮೀಟರಿನ ಮುಳ್ಳು ಹದಿನೆಂಟಕ್ಕೆ ಬಂದು ಸುಮ್ಮನಾಯಿತು. ಉಪಕೇಂದ್ರದಲ್ಲಿ ಚಪ್ಪಾಳೆ ಬಿತ್ತು.

ಈಗ ಇನ್ನೊಂದು ಅನುಕೂಲವೂ ಆಗಿತ್ತು. ಪದಾರ್ಥ ಗಟ್ಟಿಯಾಗಿದ್ದರಿಂದ ಅದನ್ನು ಕುಡಿಯುವ ಪ್ರಶ್ನೆಯೇ ಇರಲಿಲ್ಲ. ಚೀಪಬಹುದಾಗಿತ್ತು. ಮೂವರು ತೀರ್ಪುಗಾರರೂ ನಿಶ್ಚಿಂತೆಯಿಂದ ಒಂದೊಂದು ಚೂರು ಬಾಯಿಗೆ ಹಾಕಿಕೊಂಡರು. ಯೋಗ ಶಿಕ್ಷಕರ ಕಣ್ಣಲ್ಲಿ ನೀರು ಬಂತು.

"ಮೊದಲು ಸಿಹಿ," ಎಂದರು ಪ್ರಭುಸ್ವಾಮಿ. "ಆಮೇಲೆ ಕಹಿ. ಆಮೇಲೂ ಕಹಿ. ಇನ್ನೂ ಹೋಗ್ತಾ ಇಲ್ಲ."

"ಹೋಗಲ್ಲ ಸಾರ್, ಹಾಪ್ ಅದು," ಎಂದ ಸಾಗರ್, ದನಿ ಸತ್ತವನಂತೆ.

"ಇದಕ್ಕೆ ಸತ್ವ ಅನ್ನೋದು." ಅವರು ಇನ್ನೊಂದು ಚೂರನ್ನು ಬೆಳಕಿಗೆ ಹಿಡಿದರು, ಹೆಬ್ಬೆರಳಲ್ಲಿ ಉಜ್ಜಿದರು. "ಒಂದನೇ ದರ್ಜೆ. ಇಂಥ ಸರಕು ಈಚೆಗೆ ನಾನು ನೋಡಿಲ್ಲ."

ಅಂದಿನ ಪ್ರಕಟಣೆ ಹೀಗಿತ್ತು: "ಸದರಿ ಇಂಡಿಯಾ ಪೇಲ್ ಏಲನ್ನು ತೀರ್ಪುಗಾರರು ಅವಿರೋಧವಾಗಿ ಒಂದನೇ ದರ್ಜೆಯ ತಂಬಾಕು ಎಂದು ಘೋಷಿಸಿದ್ದಾರೆ. ಸಾರ್ವಜನಿಕರು ಇದನ್ನು ಗಮನಿಸತಕ್ಕದ್ದು."

ಮಂಗಳಗೌರಿ ಎರಡು ಸಲ ಓದಿ ಗೋವಿಂದಯ್ಯನವರ ಮೇಜಿನ ಮುಂದೆ ನಿಂತಳು. "ತಂಬಾಕು ಅಂತ ಬಂದದೆ ಸಾರ್."

"ಮತ್ತೇನಮ್ಮಾ? ಬ್ಯಾರನ್ನಿಂದ ಬಂತು, ಹದಿನೆಂಟು ಪರ್ಸೆಂಟಿದೆ, ದರ್ಜೆ ಸಿಕ್ಕಿದೆ. ನಿಯಮದಲ್ಲಿ ಅದಕ್ಕೆ ಇರೋದೊಂದೇ ಹೆಸರು."

"ನಾನು ತಂಬಾಕು ಬಿಟ್ಟವಳಲ್ವಾ?"

"ಬಿಟ್ಟಿದ್ದೀಯ. ಅದಕ್ಕೇ ನಿನ್ನ ಮೇಲೆ ದಂಡ ಬಿದ್ದಿರೋದು. ಪರವಾನಗಿ ಇಲ್ಲದೆ ಬ್ಯಾರನ್ ಹಚ್ಚಿದ್ದೀಯ. ನಮ್ಮ ಜೀಪೇ ಬಂದು ನೋಡಿದೆ, ಸಾಕ್ಷಿ ಬೇರೆ ಬೇಕಾಗಿಲ್ಲ."

ಅವಳು ಪ್ರಕಟಣೆಯನ್ನು ನಾಲ್ಕು ಮಡಿಕೆ ಮಾಡಿದಳು. ಹೊರಗೆ ಯಾರದೋ ಟ್ರ್ಯಾಕ್ಟರು ಕೆಮ್ಮುತ್ತಿತ್ತು.

"ಬಳ್ಳಿ ಕೀಳ್ಬೇಕಾ ಸಾರ್?"

"ಯಾಕೆ ಕೀಳ್ತೀಯ? ಒಂದನೇ ದರ್ಜೆ ಕಣಮ್ಮಾ! ಬಳ್ಳಿ ಇರತ್ತೆ. ತಂಬಾಕು ಅಂತ ಇರತ್ತೆ ಅಷ್ಟೆ."

"ಬಲ್ಬು?"

"ಉರೀಲಿ."

"ಆಯ್ತು ಸಾರ್," ಎಂದಳು ಮಂಗಳಗೌರಿ.

ಎಲ್ಲರಿಗೂ ಆಯ್ತು. ನಿಗಮದ ವರದಿಯಲ್ಲಿ ಈವರೆಗೆ ತಂಬಾಕು ತ್ಯಜಿಸಿದವರು ಒಬ್ಬರು, ಹೊಸದಾಗಿ ಬೆಳೆದವರು ಒಬ್ಬರು, ಗುರಿಯಲ್ಲಿ ಸಮತೋಲನ ಸಾಧಿಸಲಾಗಿದೆ ಎಂದು ಅಚ್ಚಾಯಿತು. ಪ್ರಭುಸ್ವಾಮಿಯವರಿಗೆ ಶಾಲು ಹೊದಿಸಲಾಯಿತು. ಅವರ ಬಾಯಿಂದ ಕಹಿ ಇನ್ನೂ ಹೋಗಿರಲಿಲ್ಲವಾದ್ದರಿಂದ ಅವರು ಭಾಷಣ ಮಾಡಲಿಲ್ಲ. ಸಾಗರ್ ಒಂದು ವಾರ ಫೋನೆತ್ತಲಿಲ್ಲ. ಆಮೇಲೆ ಮುಂದಿನ ಬಿಯರಿನ ಲೇಬಲ್ಲಿನ ಮೇಲೆ "ಒಂದನೇ ದರ್ಜೆ, ಹುಣಸೂರು" ಎಂದು ಹಾಕಿಸಿದ. ಮೈಸೂರಿನಲ್ಲಿ ಅದು ಚೆನ್ನಾಗಿ ಖರ್ಚಾಯಿತು. ಅದಕ್ಕೆ ಇನ್ನಷ್ಟು ಹೂವು ಬೇಕೆಂದು ಹೇಳಿ ಕಳಿಸಿದ.

ಲೆಕ್ಕ ಚುಕ್ತಾ ಆದ ದಿನ ಮಂಗಳಗೌರಿ ಬಸ್ಸಿಳಿದು ಮನೆಗೆ ಬಂದಾಗ ರಾಚಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಸೊಸೆ ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು.

"ಬಳ್ಳಿ ಉಳೀತಂತಾ?"

"ಉಳೀತು ಕಣತ್ತೆ."

"ಒಗೆಸೊಪ್ಪು ಅಂದ್ರಂತೆ."

"ಅಂದ್ಕಳ್ಳಿ ಬುಡಿ. ಊ ಬುಡೋದು ಅದು."

ರಾಚಮ್ಮ ಒಪ್ಪಿದಳು. ಹೊಗೆಸೊಪ್ಪು ಎಂದ ಮೇಲೆ ಅವಳಿಗೂ ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಸಲೀಸಾಗಿತ್ತು. ಒಂದಷ್ಟು ಕಾಯಿ ಸುಲಿದ ಮೇಲೆ ಕೇಳಿದಳು.

"ಒಂದ್ನೇ ದರ್ಜೆ ಅಂದ್ಮೇಲೆ ರೇಟು ಚೆಂದಾಗೇ ಕಟ್ಟಿರ್ಬೇಕು?"

"ಇಡೀ ಸೀಜನ್‌ಗೇ ಜಾಸ್ತಿ ಅಂತೆ. ಕೆ.ಜಿ.ಗೆ ಮುನ್ನೂರು."

"ಅಯ್ ಶಿವನೇ! ಎಷ್ಟು ಕೊಟ್ರವ್ವಾ ಕೊನೇಗೆ?"

"ಕೊಟ್ಟಿದ್ದು ನಾವು ಕಣತ್ತೆ," ಎಂದಳು ಮಂಗಳಗೌರಿ, ಕಾಯಿಯೊಳಗಿನ ಹುಳು ತೆಗೆದು ಎಸೆಯುತ್ತ. "ದಂಡ, ನಾಕು ಸಾವ್ರದ ಇನ್ನೂರತ್ತು. ನಮ್ಗೆ ಬರ್ಬೇಕಾದ ತೊಂಬತ್ತು ರೂಪಾಯಿ ಮುರ್ಕಂಡು."