ಹದಿನಾಲ್ಕನೇ ತಾರೀಖಿನ ಆರು ಬೆರಳು

ಕೆಲವರು ಮನಸ್ಸಿನಲ್ಲಿದ್ದದ್ದನ್ನು ಡೈರಿಯಲ್ಲಿ ಬರೆಯುತ್ತಾರೆ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಚೌಕ ಇರುತ್ತದಲ್ಲ, ಅಷ್ಟೇ ಸಾಕು. ಹಾಲಿನವನು ಬಾರದ ದಿನ, ಸಿಲಿಂಡರ್ ಹಚ್ಚಿದ ದಿನ, ಬಿಸಿಲು, ಮಳೆ. ಇಪ್ಪತ್ತೆರಡು ವರ್ಷದ ಕ್ಯಾಲೆಂಡರುಗಳು ಸುರುಳಿ ಸುತ್ತಿಕೊಂಡು ನಮ್ಮ ಟ್ರಂಕಿನಲ್ಲಿವೆ. ಮಳೆ ಅಳೆಯಲು ಮಾಳಿಗೆಯ ಮೇಲೊಂದು ಅಗಲ ಬಾಯಿಯ ಹಿತ್ತಾಳೆ ಚರಿಗೆ ಇಟ್ಟಿದ್ದೇನೆ. ಬೆಳಿಗ್ಗೆ ಎದ್ದು ಅದರಲ್ಲಿ ಬೆರಳದ್ದಿ ನೋಡುವುದು, ಬೆರಳಿನ ಅಗಲದ ಲೆಕ್ಕದಲ್ಲಿ ಒಂದು ಬೆರಳು, ಎರಡು ಬೆರಳು ಎಂದು ಬರೆಯುವುದು. ಕಂಡದ್ದನ್ನಷ್ಟೇ ಬರೆಯುತ್ತೇನೆ ಎಂಬುದು ನನ್ನ ಹೆಮ್ಮೆಯಾಗಿತ್ತು. ನಾನು ತಪ್ಪಿದ್ದೂ ಅಲ್ಲಿಯೇ.

ಕಂಡದ್ದನ್ನಷ್ಟೇ ಬರೆಯುವುದರ ಕಷ್ಟ ಮೊದಲು ತೋರಿಸಿಕೊಟ್ಟವನು ಸೂರ್ಯ. ಸಂಜೆ ನಮ್ಮ ಹೊಸ್ತಿಲ ಕಲ್ಲಿನಿಂದ ಬಿಸಿಲು ಸರಿದ ಹೊತ್ತನ್ನು ನಾನು ಸೂರ್ಯಾಸ್ತ ಎಂದು ಬರೆಯುತ್ತೇನೆ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿ ನಮ್ಮದು. ಎದುರಿಗೆ ಮೂರಂತಸ್ತಿನ ಮನೆ ಎದ್ದ ವರ್ಷ ಅಕ್ಟೋಬರಿನ ಹಗಲು ಒಮ್ಮೆಲೇ ನಲವತ್ತು ನಿಮಿಷ ಗಿಡ್ಡವಾಯಿತು. ಅದರ ಮೇಲೆ ನೀರಿನ ಟಾಕಿ ಕೂತ ವರ್ಷ ಇನ್ನೆಂಟು ನಿಮಿಷ. ಪಕ್ಕದ ಮನೆಯ ಹಸೀನಾ ಬೀ ಅವರ ಗೋಡೆಗೆ ನಮಾಜಿನ ವೇಳೆಯ ತಖ್ತೆ ಇದೆ. ಅದರಲ್ಲಿ ಒಂದೊಂದು ತಾರೀಖಿಗೆ ಒಂದೊಂದು ಸೂರ್ಯಾಸ್ತ, ವರ್ಷ ಬದಲಾದರೂ ನಿಮಿಷ ಬದಲಾಗುವುದಿಲ್ಲ. ನನ್ನ ಚೌಕ ನೋಡಿ ಅವರು ನಗಲಿಲ್ಲ. ಗಂಭೀರವಾಗಿ, "ನಿಮ್ಮ ಸೂರ್ಯ ಎದುರಿನವ್ರ ಟಾಕಿ ಹಿಂದ ಮುಳಗ್ತಾನ್ರೀ ಅಕ್ಕಾರ. ನಮ್ಮಂವ ಇನ್ನೂ ಮುಗಲಾಗ ಅದಾನ," ಎಂದರು. ಆದರೂ ನಾನು ತಿದ್ದಲಿಲ್ಲ.

ಇದೆಲ್ಲ ನನ್ನೊಬ್ಬಳ ಹುಚ್ಚಾಗಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಬಿಜ್ಜರಗಿಯ ತನ್ನ ತೋಟದಲ್ಲಿ ದ್ರಾಕ್ಷಿ ಪಡ ಮಾಡಿರುವ ನನ್ನ ಅಣ್ಣ ಈ ಚೌಕಗಳನ್ನು ನಂಬುತ್ತಿದ್ದ. ಅಕ್ಟೋಬರಿನಲ್ಲಿ ಬಳ್ಳಿಯ ಚಾಟ್ನಿ ಮಾಡುತ್ತಾರೆ. ಅಂದರೆ ಕಡ್ಡಿ ಕತ್ತರಿಸಿ, ಕಣ್ಣು ಒಡೆಯಲೆಂದು ಔಷಧ ಹಚ್ಚುತ್ತಾರೆ. ಹಚ್ಚಿದ ದಿನವೇ ಮಳೆ ಬಿದ್ದರೆ ಔಷಧ ತೊಳೆದು ಹೋಗುತ್ತದೆ, ವರ್ಷದ ಬೆಳೆ ಅರ್ಧವಾಗುತ್ತದೆ. ಈ ಸಲ ಅವನು ಸ್ವತಃ ಬಂದು ಕುಳಿತ.

"ನೀಲಾ, ಚಾಟ್ನಿ ಟೋಳಿಯವ್ರು ಹದಿನಾಲ್ಕಕ್ಕ ಬರ್ತೀವಿ ಅಂದಾರ. ಬ್ಯಾಡಂದ್ರ ಮುಂದ ಹದಿನೈದು ದಿನ ಸಿಗೂದಿಲ್ಲ. ಆ ತಾರೀಖು ಒಂದೀಟು ತಗದು ಓದವಾ."

ಟ್ರಂಕು ತೆಗೆದು, ಸುರುಳಿಗಳನ್ನು ಬಿಚ್ಚಿ, ಮೂಲೆಗೆ ಅಡುಗೆಮನೆಯ ಡಬ್ಬಿಗಳನ್ನಿಟ್ಟು ಓದಿದೆ. ಒಣ. ಒಣ. ಮೋಡ, ಮಳೆಯಿಲ್ಲ. ಒಂದು ಬೆರಳು. ಒಣ. ಆಮೇಲೆ ಏಳು ವರ್ಷದ ಹಿಂದಿನದು: ಆರು ಬೆರಳು.

"ನೋಡು, ಅದ. ಆ ಆರು ಬೆರಳು ನನ್ನ ಎದಿ ಮ್ಯಾಲ ಕುಂತಾವ," ಎಂದ ಅಣ್ಣ. ಅವತ್ತಿನಿಂದ ಪ್ರತಿ ವರ್ಷ ಅವನು ಆ ವಾರವನ್ನೇ ಬಿಟ್ಟು ತಡವಾಗಿ ಚಾಟ್ನಿ ಮಾಡುತ್ತಿದ್ದ.

ಆರು ಬೆರಳು ನನ್ನ ಕ್ಯಾಲೆಂಡರುಗಳಲ್ಲೇ ದೊಡ್ಡ ಮಳೆ. ಬಂದವರಿಗೆಲ್ಲ ತೋರಿಸಿದ್ದೆ. ತೋರಿಸುವಾಗ ಅದೇ ಚೌಕದ ಕೆಳಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಳ್ಳುತ್ತಿದ್ದೆ. ಅಲ್ಲಿ ನನ್ನದೇ ಅಕ್ಷರದಲ್ಲಿ, "ಹಸೀನಾ ಬೀ ಕೌದಿ ಒಗೆದು ಹಾಕಿದ್ದರು, ಮರುದಿನ ಬೆಳಿಗ್ಗೆ ಒಣಗಿದ್ದನ್ನು ತೆಗೆದರು" ಎಂದಿದೆ. ಆರು ಬೆರಳು ಮಳೆಯಲ್ಲಿ ಯಾವ ಕೌದಿ ಒಣಗುತ್ತದೆ? ಏಳು ವರ್ಷ ಈ ಪ್ರಶ್ನೆಯನ್ನು ನಾನು ನನಗೂ ಕೇಳಿಕೊಂಡಿರಲಿಲ್ಲ. ದೊಡ್ಡ ಮಳೆಯ ದಾಖಲೆ ಕೈತಪ್ಪಬಾರದೆಂಬ ಆಸೆಬುರುಕುತನ.

ಅಣ್ಣನ ಮುಖ ನೋಡಿ ಹೆಬ್ಬೆರಳು ತೆಗೆದೆ. "ಅಣ್ಣಾ, ಅವತ್ತ ಮಳಿ ನಾ ನೋಡಿಲ್ಲ. ಜ್ವರ ಬಂದು ಮಲಗಿದ್ದೆ. ನಮ್ಮ ಮನಿಯವ್ರು ಕೆಳಗ ತಂದ ಚರಿಗ್ಯಾಗ ಬೆರಳ ಅದ್ದೇನಿ, ಅಷ್ಟ."

ಅವನು ಕೆಳಸಾಲನ್ನು ಎರಡು ಸಲ ಓದಿದ. ಚಹಾ ಆರಿತು. "ಊರೆಲ್ಲ ಚಾಟ್ನಿ ಮುಗಿಸಿದ ಮ್ಯಾಲ ನಾ ಮಾಡಾಕತ್ತೇನಿ," ಎಂದ ನಿಧಾನವಾಗಿ. "ಒಂದು ಚರಿಗಿ ಸಲುವಾಗಿ." ಏಳುವಾಗ, "ಹದಿನಾಲ್ಕಕ್ಕ ನೀನೂ ಬಾ. ಮಳಿ ಬಂದ್ರ ನಿನ್ನ ವೈನಿ ಮುಂದ ನೀನ ನಿಂದ್ರು," ಎಂದ. ಅತ್ತಿಗೆಯ ಬಾಯಿಗೆ ಅವನೂ ಹೆದರುತ್ತಾನೆ.

ಆಳುಗಳಿಗೆ ಅಡುಗೆ ಮಾಡಲು ಹೋಗುತ್ತೇನೆಂದು ನಮ್ಮ ಮನೆಯವರಿಗೆ ಹೇಳಿ ತಿಕೋಟಾ ಬಸ್ಸು ಹಿಡಿದೆ. ಚರಿಗೆಯ ಮರ್ಯಾದೆ ಹೋದದ್ದನ್ನು ಹೇಳಲಿಲ್ಲ. ಮಧ್ಯಾಹ್ನ ಬಬಲೇಶ್ವರದ ಕಡೆ ಕಪ್ಪು ಮೋಡ ಎದ್ದಿತು. ಆಳುಗಳೆಲ್ಲ ಮೋಡ ನೋಡಿದರೆ ಅಣ್ಣ ನನ್ನನ್ನು ನೋಡಿದ. ನಾನು ರೊಟ್ಟಿ ಬಡಿಯುತ್ತಲೇ ಇದ್ದೆ, ಒಂದು ರೊಟ್ಟಿಯೂ ದುಂಡಗೆ ಬರಲಿಲ್ಲ. ಮೋಡ ಹಾಗೇ ದಾಟಿಹೋಯಿತು. ಸಂಜೆ ಪಡದ ಅಂಚಿಗೆ ನಿಂತು, ಯಾರ ಟಾಕಿಯೂ ಅಡ್ಡವಿಲ್ಲದ ಸೂರ್ಯಾಸ್ತವನ್ನು ಎಷ್ಟೋ ವರ್ಷದ ಮೇಲೆ ನೋಡಿದೆ. ಗಡಿಯಾರ ನೋಡಿಕೊಂಡೆ. ಹಸೀನಾ ಬೀ ತಖ್ತೆಯ ನಿಮಿಷಕ್ಕೆ ಸರಿಯಾಗಿ ಮುಳುಗಿದ. ಅಣ್ಣ ಔಷಧ ಹತ್ತಿದ ಕೈ ತೊಳೆಯುತ್ತ, "ಮುಂದಿನ ವರ್ಷ ಕೌದಿ ಸಾಲು ಮೊದಲ ಓದು," ಎಂದ.

ಮರುದಿನ ಬೆಳಿಗ್ಗೆ ಮನೆಗೆ ಬಂದವಳೇ ಮಾಳಿಗೆ ಹತ್ತಿದೆ. ಚರಿಗೆಯಲ್ಲಿ ಎರಡು ಬೆರಳು ನೀರು. ಓಣಿಯಲ್ಲಿ ಧೂಳು ಹಾಗೇ ಇತ್ತು. ಇಳಿದು ಬಂದು, ಪೇಪರ್ ಓದುತ್ತಿದ್ದ ಮನೆಯವರನ್ನು ಕೇಳಿದೆ.

"ಇಲ್ಲಿ ಮಳಿ ಬಂದಿತ್ತೇನ್ರಿ?"

"ಎಲ್ಲೀ ಮಳಿ."

"ಮತ್ತ ಚರಿಗ್ಯಾಗ ನೀರು?"

ಪೇಪರ್ ಕೆಳಗಿಳಿಯಲಿಲ್ಲ. "ಊರಿಂದ ಬಂದಕಿನ ನೀ ಮೊದಲ ಮ್ಯಾಲ ಓಡ್ತಿ. ಖಾಲಿ ಇದ್ರ ಮಾರಿ ಸಣ್ಣದು ಮಾಡ್ಕೊಂಡು ಇಳೀತಿ. ಅದನ್ನೇನು ಯಾರರ ಓದ್ತಾರೇನು, ಅಂತ ಒಂದೀಟು ಹಾಕಿದೆ."

"ಆ ಆರು ಬೆರಳು?"

"ಅವತ್ತ ನಿನಗ ಭಾಳ ಜ್ವರ ಇತ್ತು," ಎಂದು ಅವರು ಪುಟ ಮಗುಚಿದರು.

ಹದಿನಾಲ್ಕರ ಚೌಕದಲ್ಲಿ ಬರೆದೆ: ಬಿಜ್ಜರಗಿಯಲ್ಲಿ ಒಣ. ಇಲ್ಲಿ ಚರಿಗೆಯಲ್ಲಿ ಎರಡು ಬೆರಳು, ಮಳೆಯಲ್ಲ. ಮುಂದೆ ಗೊಂದಲವಾಗದಿರಲಿ ಎಂದು ಅಣ್ಣನಿಗೂ ಫೋನ್ ಮಾಡಿ ಹೇಳಿದೆ. "ಮಳಿ ಅಲ್ಲಂದ್ರ ಮತ್ತೇನದು?" ಎಂದ. ಈ ವಯಸ್ಸಿನಲ್ಲಿ ಅಣ್ಣನಿಗೆ ಏನೆಂದು ಹೇಳಲಿ? "ನಳದ ನೀರು," ಎಂದೆ. ಅದೂ ಸುಳ್ಳಲ್ಲ.

ಆ ನೀರನ್ನು ಚೆಲ್ಲಲು ಮನಸ್ಸಾಗದೆ ಮೂರು ದಿನ ಹಾಗೇ ಬಿಟ್ಟಿದ್ದೆ. ಸೊಳ್ಳೆ ಆಗ್ತಾವ ಎಂದು ಕೊನೆಗೆ ಮನೆಯವರೇ ಚೆಲ್ಲಿದರು. ಅಷ್ಟರೊಳಗೆ ಅಳೆದಿಟ್ಟುಕೊಂಡಿದ್ದೆ: ಅರ್ಧ ಬೆರಳು ಬಿಸಿಲಿಗೆ ಆರಿ, ಒಂದೂವರೆ ಬೆರಳು.