ಬಾತುಗಳಿಗೊಂದು ಭದ್ರ ಜಾಗ

ಪಕ್ಕದ ಮನೆಯ ಅಜ್ಜಿಯ ಎರಡು ಕೋಳಿ ಕಾಣೆಯಾದದ್ದಕ್ಕೂ ಟೈಲರನಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಇಲ್ಲದ ಸಂಬಂಧವನ್ನು ಹುಡುಕಿ ಗಂಟುಹಾಕುವುದಕ್ಕೆಂದೇ ಆ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದರು. ಬೆಳಿಗ್ಗೆ ಏಳಕ್ಕೇ ಬಂದವರು ಟೈಲರನ ಕೊರಳಲ್ಲಿದ್ದ ಅಳತೆ ಟೇಪನ್ನು ಎಳೆದುಕೊಂಡು, ಅಜ್ಜಿಯ ಕೋಳಿಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೆಸರಲ್ಲಿ ಮೂಡಿದ್ದ ಹೆಜ್ಜೆಯನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದರು.

“ನರಿ,” ಎಂದು ತೀರ್ಪು ಕೊಟ್ಟರು. “ಸಂಶಯವೇ ಬೇಡ.”

“ಅಯ್ಯೋ, ನನ್ನ ಮೊಟ್ಟೆ ಇಡೋ ಕೋಳಿಗಳು!” ಅಜ್ಜಿ ಎದೆ ಬಡಿದುಕೊಂಡಳು.

“ಕೋಳಿ ಹೋಯ್ತು, ಬಿಡಿ. ಇನ್ನು ಇವನ ಬಾತುಗಳ ಸರದಿ,” ಎಂದು ಮೇಷ್ಟ್ರು ಟೈಲರನ ಕಡೆ ತಿರುಗಿದರು. “ನರಿಗೆ ರುಚಿ ಹತ್ತಿದೆ ಕಣಯ್ಯ. ಇವತ್ತು ರಾತ್ರಿ ಬಂದೇ ಬರುತ್ತೆ.”

ಟೈಲರ್ ಮನೆಗೆ ಓಡಿದ, ಹಿಂದೆಯೇ ಮೇಷ್ಟ್ರು. ಅವನ ಹಿತ್ತಲಲ್ಲಿ ಮೂರು ಹೆಬ್ಬಾತುಗಳಿದ್ದವು: ದೊಡ್ಡಮ್ಮ, ಚಿಕ್ಕಮ್ಮ ಮತ್ತು ಮಾವ. ಅಂಗೈಯಗಲದ ಮರಿಗಳಾಗಿದ್ದಾಗಿನಿಂದ ಹೊಲಿಗೆ ಯಂತ್ರದ ಕೆಳಗೆ, ಚೂರುಬಟ್ಟೆಯ ಬುಟ್ಟಿಯಲ್ಲಿ ಮಲಗಿಸಿ ಬೆಳೆಸಿದ್ದ. ಅವುಗಳ ಕಿರುಚಾಟಕ್ಕೆ ಬೀದಿಯವರೆಲ್ಲ ಶಾಪ ಹಾಕುತ್ತಿದ್ದರು. ಟೈಲರನಿಗೆ ಮಾತ್ರ ಆ ಕಿರುಚಾಟ ಕೇಳದೆ ಸೂಜಿಗೆ ದಾರವೇ ಪೋಣಿಸಲಾಗುತ್ತಿರಲಿಲ್ಲ.

“ಬೇಲಿ ನೋಡ್ರೀ ಒಂದ್ಸಲ,” ಎಂದಳು ಹೆಂಡತಿ. “ನರಿ ಯಾಕೆ, ಎಮ್ಮೆ ಬೇಕಾದ್ರೂ ನುಗ್ಗಬಹುದು. ರಿಪೇರಿ ಮಾಡಿಸಿ ಅಂತ ಬಡ್ಕೊಂಡು ಬಡ್ಕೊಂಡು ನನ್ನ ಗಂಟಲು ಬಿದ್ದೋಯ್ತು. ಸಂಜೆಯೊಳಗೆ ಎಲ್ಲಾದ್ರೂ ಭದ್ರವಾದ ಜಾಗ ನೋಡಿ ಬಿಟ್ಟು ಬನ್ನಿ. ಅವುಗಳಿಗೆ ಏನಾದ್ರೂ ಆದ್ರೆ ನಾನು ಈ ಮನೇಲಿ ಇರೋಳಲ್ಲ.”

ಅಂದು ಸಂಜೆಗೇ ಬ್ಯಾಂಕ್ ಮ್ಯಾನೇಜರರ ಕೋಟು ಹೊಲಿದು ಕೊಡಬೇಕಿತ್ತು. ಕೇಳುವವರು ಯಾರು?

“ನಮ್ಮ ಬಚ್ಚಲುಮನೇಲಿ ಬಿಡು,” ಎಂದು ಮೇಷ್ಟ್ರು ಉದಾರವಾಗಿ ಹೇಳಿದರು. “ಕಬ್ಬಿಣದ ಬಾಗಿಲು. ನರಿಯಪ್ಪ ಬಂದರೂ ಅಲ್ಲಾಡಲ್ಲ.”

ಬಿಟ್ಟು ಬಂದ. ಕೋಟಿನ ಒಂದು ತೋಳು ಹೊಲಿದು ಮುಗಿಸುವಷ್ಟರಲ್ಲಿ ಮೇಷ್ಟ್ರ ಮನೆಯಿಂದ ಆಕಾಶ ಕಳಚಿ ಬಿದ್ದಂಥ ಕೂಗು ಕೇಳಿತು. ಬಾತುಗಳಿಗೆ ಜಾಗ ಕೊಟ್ಟಿದ್ದನ್ನು ಮರೆತು, ಕನ್ನಡಕ ತೆಗೆದಿಟ್ಟು, ಮೇಷ್ಟ್ರು ಸ್ನಾನಕ್ಕೆ ಹೋಗಿದ್ದರು. ಟವೆಲ್ ಒಂದರಲ್ಲೇ ಬೀದಿಗೆ ಓಡಿ ಬಂದರು. ಹಿಂದೆ ಮಾವ, ಅವನ ಹಿಂದೆ ದೊಡ್ಡಮ್ಮ, ಚಿಕ್ಕಮ್ಮ.

“ಉಪಕಾರ ಮಾಡಿದವನಿಗೇ ಕಚ್ಚೋದಾ!” ಎಂದು ಮೇಷ್ಟ್ರು ಅಜ್ಜಿಯ ಜಗುಲಿ ಹತ್ತಿ ನಿಂತು ಹಲ್ಲು ಕಡಿದರು. ಎಲ್ಲಿ ಕಚ್ಚಿತು ಎಂದು ಅಜ್ಜಿ ಕೇಳಿದರೆ ಹೇಳಲಿಲ್ಲ. ಆದರೆ ಅಷ್ಟು ನೋವಿನಲ್ಲೂ ಸಲಹೆ ಕೊಡುವುದನ್ನು ಬಿಟ್ಟರೆ ಅವರು ಮೇಷ್ಟ್ರೇ ಅಲ್ಲ. “ಮರದ ಡಿಪೋಗೆ ಹಾಕು ಇವನ್ನ! ಎರಡಾಳೆತ್ತರದ ಗೋಡೆ ಇದೆ. ಮಾಲೀಕ ನನ್ನ ಶಿಷ್ಯ. ನನ್ನ ಹೆಸರು ಹೇಳು, ಸಾಕು.”

ದೊಡ್ಡಮ್ಮನನ್ನೂ ಚಿಕ್ಕಮ್ಮನನ್ನೂ ಎರಡು ಮುಚ್ಚಳದ ಬುಟ್ಟಿಗಳಲ್ಲಿ ಕೂರಿಸಿದ್ದಾಯಿತು. ಮಾವ ಯಾವ ಬುಟ್ಟಿಗೂ ಹಿಡಿಸಲಿಲ್ಲ. ಕತ್ತು ಬಟ್ಟೆಯೊಳಗಿದ್ದರೆ ಅವನು ಸುಮ್ಮನಿರುತ್ತಾನೆ ಎಂಬುದು ಟೈಲರನಿಗೆ ಗೊತ್ತಿತ್ತು. ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಹೊಲಿದ ತೋಳೊಂದನ್ನು ಅವನ ಕತ್ತಿಗೆ ಏರಿಸಿ, ತೊಡೆಯ ಮೇಲೆ ಕೂರಿಸಿಕೊಂಡು ಆಟೋ ಹತ್ತಿದ.

“ಕಚ್ಚುತ್ತಾ?” ಎಂದು ಆಟೋದವನು ಕೇಳಿದ.

“ಛೇ ಛೇ, ಹಸು ಇದ್ದ ಹಾಗೆ.”

ನಾಲ್ಕನೇ ಬೀದಿಯ ತಿರುವಿನಲ್ಲಿ ಹಸು ತೋಳಿನ ತುದಿಯಿಂದ ಕೊಕ್ಕು ಹೊರಗೆ ಚಾಚಿ ಆಟೋದವನ ಕಿವಿ ಹಿಡಿಯಿತು. ಅವನು ಬ್ರೇಕ್ ಒತ್ತಿ, ಕೆಳಗಿಳಿದು, ಟೈಲರನ ವಂಶದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆದು, ಬುಟ್ಟಿಗಳನ್ನು ರಸ್ತೆಯಲ್ಲಿಟ್ಟು ಹೊರಟೇಹೋದ. ಅಲ್ಲೇ ಎದುರಿಗೆ ಬ್ಯಾಂಕಿನ ಮೆಟ್ಟಿಲು. ಅದೇ ಹೊತ್ತಿಗೆ ಮ್ಯಾನೇಜರರು ಹೊರಗೆ ಬರಬೇಕೆ! ಹಣೆಬರಹ ಕೆಟ್ಟವನು ನೆರಳಿಗೆ ಹೋದರೆ ಮರವೇ ಮುರಿದು ಬೀಳುತ್ತದೆ.

ಅವರು ಮಾವನನ್ನು ನೋಡಿದರು. ಆಮೇಲೆ ಮಾವನ ಕತ್ತಿನಲ್ಲಿದ್ದ ಬಟ್ಟೆಯನ್ನು ನೋಡಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು.

“ಏನ್ರೀ ಇದು? ನನ್ನ ಕೋಟಿನ ಬಟ್ಟೆ ಅಲ್ವಾ?”

“ತೋಳು ಬಿಗಿ ಇದೆಯೋ ಸಡಿಲ ಇದೆಯೋ ಅಂತ ನೋಡ್ತಿದ್ದೆ ಸಾರ್,” ಎಂದ ಟೈಲರ್. ಅವನ ಬಾಯಿಗೆ ಬಂದದ್ದು ಅಷ್ಟೇ.

“ಬಾತುಕೋಳಿ ಕತ್ತಿಗೆ ಹಾಕಿ?”

ಉಳಿದ ಬಟ್ಟೆಯನ್ನು ಸಂಜೆ ವಾಪಸ್ ತಂದುಕೊಡಬೇಕೆಂದು ಹೇಳಿ ಮ್ಯಾನೇಜರರು ದಡದಡ ಒಳಗೆ ಹೋದರು. ಟೈಲರ್ ಎರಡು ಬುಟ್ಟಿಗಳನ್ನು ಎರಡು ಕೈಯಲ್ಲಿ, ಮಾವನನ್ನು ಕಂಕುಳಲ್ಲಿ ಇರುಕಿಕೊಂಡು, ಬೆವರು ಒರೆಸಲೂ ಕೈಯಿಲ್ಲದೆ ಡಿಪೋ ತನಕ ನಡೆದ.

ಡಿಪೋ ನೋಡಿ ಮಾತ್ರ ಜೀವಕ್ಕೆ ತಂಪಾಯಿತು. ಎತ್ತರದ ಗೋಡೆ, ಅದರ ಮೇಲೆ ಗಾಜಿನ ಚೂರು, ಆನೆ ಗುದ್ದಿದರೂ ಜಗ್ಗದ ಗೇಟು. ಒಳಗೆ ಮರದ ದಿಮ್ಮಿಗಳ ರಾಶಿ, ಮಧ್ಯೆ ನೀರಿನ ತೊಟ್ಟಿ. ಮೂಲೆಯಲ್ಲಿ ಕರುವಿನಷ್ಟು ಎತ್ತರದ ನಾಯಿಯೊಂದು ಸರಪಳಿಯಲ್ಲಿ ನಿದ್ದೆ ಮಾಡುತ್ತಿತ್ತು.

“ನಾಯಿ ಇದೆಯಲ್ಲಾ…” ಟೈಲರ್ ಹಿಂಜರಿದ.

“ಅದಾ? ದೇವರಂಥ ನಾಯಿ,” ಎಂದ ಮಾಲೀಕ. “ಹಗಲು ಕಟ್ಟಿರ್ತೀವಿ, ರಾತ್ರಿ ಬಿಡ್ತೀವಿ. ಬೀದಿಯೆಲ್ಲ ಒಂದು ಸುತ್ತು ಹಾಕ್ಕೊಂಡು ಬರುತ್ತೆ. ಹಾಕಿದ ಅನ್ನಾನೂ ಮುಟ್ಟಲ್ಲ, ಆದ್ರೂ ನೋಡಿ ಹೆಂಗಿದೆ! ಅದಿರೋ ಕಡೆ ಯಾವ ನರಿ ಬರುತ್ತೆ ಹೇಳಿ? ಆದ್ರೆ ಒಂದು ಮಾತು ಟೈಲರೇ. ಇವು ನನ್ನ ಹತ್ರ ಬಂದ್ಮೇಲೆ ನನ್ನವು. ವಾರ ಬಿಟ್ಟು ಬಂದು ಕರ್ಕೊಂಡು ಹೋಗ್ತೀನಿ ಅನ್ನೋ ಹಂಗಿಲ್ಲ.”

ಟೈಲರ್ ಬುಟ್ಟಿಗಳನ್ನು ವಾಪಸ್ ಹತ್ತಿರಕ್ಕೆ ಎಳೆದುಕೊಂಡ. ಆದರೂ, ಎಲ್ಲಿದ್ದರೇನು, ಜೀವ ಉಳಿದರೆ ಸಾಕು ಎಂದುಕೊಂಡು ತಲೆಯಾಡಿಸಿದ. ಮೂರರ ಬೆನ್ನೂ ಸವರಿದ. ಮಾವ ಕೈಗೆ ಕಚ್ಚಿದ. ಆ ಪ್ರೀತಿಗೆ ಟೈಲರನ ಕಣ್ಣಲ್ಲಿ ನೀರೇ ಬಂತು.

ಮನೆಯಲ್ಲಿ ಹೆಂಡತಿ ಖಾಲಿ ಬುಟ್ಟಿಗಳನ್ನು ನೋಡಿ ಸೆರಗು ಬಾಯಿಗೊತ್ತಿಕೊಂಡಳು. ಹಿತ್ತಲು ಬಣಗುಟ್ಟುತ್ತಿತ್ತು. ಟೈಲರ್ ಯಂತ್ರದ ಮುಂದೆ ಕೂತು, ಹೊಲಿಯಲು ಏನೂ ಇಲ್ಲದೆ ಸುಮ್ಮನೆ ಪೆಡಲು ತುಳಿದ.

ಸಂಜೆ ಐದಕ್ಕೆ ಡಿಪೋದ ಕಾವಲುಗಾರ ಬಾಗಿಲಿಗೆ ಬಂದ. ಅವನ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಅದೇ ನಾಯಿ.

“ಏನು ಬಾತುಗಳೋ ಮಾರಾಯರೇ ನಿಮ್ಮವು!” ಎಂದ. “ಸರಪಳಿ ಕಿತ್ಕೊಂಡು ಓಡಿದ ಇದನ್ನ ಅಟ್ಟಾಡಿಸಿ ದಿಮ್ಮಿ ರಾಶಿ ತುದಿಗೆ ಹತ್ತಿಸಿದ್ವು. ಏಣಿ ಹಾಕಿ ಇಳಿಸಿದ್ವಿ. ಈಗ ಗೇಟೊಳಗೆ ಕಾಲೇ ಇಡಲ್ಲ ಅನ್ನುತ್ತೆ. ನಮ್ಮ ಸಾಹುಕಾರರಂತೂ ಕುಣೀತಿದಾರೆ. ‘ಇನ್ಮೇಲೆ ಕಾವಲಿಗೆ ಬಾತುಗಳೇ ಸಾಕು. ಪಾಪ, ಟೈಲರ್ ಹಿತ್ತಲು ಖಾಲಿ ಆಗಿರುತ್ತೆ, ನಾಯೀನ ಅವರಿಗೆ ಕೊಟ್ಟು ಬಾ’ ಅಂದ್ರು.”

“ನಾಯೀನೇ ಓಡಿಸೋವು ನರಿಗೆ ಹೆದರ್ತವಾ?” ಟೈಲರ್ ಹಣೆ ಚಚ್ಚಿಕೊಂಡ. “ನನ್ನ ಬಾತು ನಂಗೆ ಕೊಡಿ ಮಾರಾಯಾ!”

“ಮಾತು ಮಾತೇ ಅಂತೆ,” ಎಂದು ಕಾವಲುಗಾರ ಹಗ್ಗವನ್ನು ಅವನ ಕೈಗಿಟ್ಟು ನಡೆದುಬಿಟ್ಟ.

ನಾಯಿ ಒಮ್ಮೆ ಮೈ ಕೊಡವಿತು. ಹಗ್ಗ ಟೈಲರನ ಕೈಯಿಂದ ಜಾರಿತು. ಹೊಸ ಜಾಗಕ್ಕೆ ಬಂದ ನಾಯಿ ನಾಲ್ಕು ಕಡೆ ಮೂಸಿ ನೋಡಬೇಕು. ಇದು ಹಾಗೇನೂ ಮಾಡಲಿಲ್ಲ. ಅತ್ತೆ ಮನೆಗೆ ಬಂದ ಹಳೇ ಅಳಿಯನ ಹಾಗೆ ನೆಟ್ಟಗೆ ಹಿತ್ತಲಿಗೆ ಹೋಗಿ, ಗೋಡೆ ಹಾರಿ, ಅಜ್ಜಿಯ ಕೋಳಿಗೂಡಿನ ಚಿಲಕವನ್ನು ಮೂಗಿನಿಂದ ಮೇಲಕ್ಕೆತ್ತಿತು. ಎಷ್ಟೋ ಸಲ ಮಾಡಿ ಪಳಗಿದ ಕೆಲಸ.

ಟೈಲರನಿಗೆ ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಯಾವ ನರಿಗೆ ಹೆದರಿ ಬಾತುಗಳನ್ನು ಹೊತ್ತುಕೊಂಡು ಹೋಗಿದ್ದನೋ, ಆ ನರಿಯ ಮನೆಗೇ ಬಿಟ್ಟು ಬಂದಿದ್ದ. ಈಗ ನರಿ ಅವನ ಮನೆಗೆ ಬಂದಿತ್ತು.

ನಾಯಿ ಮತ್ತೆ ಗೋಡೆ ಹಾರಿ ಬಂದು, ಬಾಯಲ್ಲಿದ್ದ ಕೋಳಿಯನ್ನು ಟೈಲರನ ಪಾದದ ಬಳಿ ಇಟ್ಟು ಬಾಲ ಅಲ್ಲಾಡಿಸಿತು. ಕೋಳಿಗೆ ಜೀವವಿತ್ತು. ಅದು ಎದ್ದು, ಬೀದಿಗೆಲ್ಲ ಕೇಳುವಂತೆ ಅರಚಿತು. ಗೋಡೆಯ ಮೇಲೆ ಅಜ್ಜಿಯ ತಲೆ ಕಾಣಿಸಿತು, ಅದರ ಪಕ್ಕದಲ್ಲಿ ಮೇಷ್ಟ್ರ ತಲೆ.

“ಅಜ್ಜೀ, ಇದು ನನ್ನ ನಾಯಿ ಅಲ್ಲ…”

“ಮುಚ್ಚೋ ಬಾಯಿ! ತಂದು ನಿನ್ನ ಕಾಲ ಹತ್ರಾನೇ ಇಡ್ತಿದೆ!” ಅಜ್ಜಿ ಗುಡುಗಿದಳು. “ಅದಕ್ಕೇನೋ ಬೆಳಿಗ್ಗೆಯಿಂದ ಅಷ್ಟೊಂದು ಒದ್ದಾಟ? ನಿನ್ನ ಬಾತುಗಳನ್ನ ಮಾತ್ರ ಭದ್ರವಾದ ಕಡೆ ಸಾಗಿಸಿ, ನನ್ನ ಕೋಳಿಗಳ ಮೇಲೆ ನಾಯಿ ಬಿಟ್ಟೆಯಾ?”

ಟೈಲರ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ನಾಯಿ, ಹುಟ್ಟಿದಾಗಿನಿಂದ ಅವನೇ ಸಾಕಿದವನೇನೋ ಎಂಬಂತೆ, ಅವನ ಕಾಲಿಗೆ ಒರಗಿ ಮಲಗಿತು.